ಹೊಗೆಸೊಪ್ಪಿನ ಡಬ್ಬಿಯಲ್ಲಿದ್ದ ಮೂರಿಂಚು

1986ರ ಅಕ್ಟೋಬರ್ ತಿಂಗಳ ಕೊನೆಯ ಶನಿವಾರ ಬ್ರೆನ್‌ವಿಕ್ ಮೈದಾನದಲ್ಲಿ ಒರೆಸ್ಟ್ ಕೋವಲ್ ಓಡಿದ ಓಟವನ್ನು ಕಣ್ಣಾರೆ ಕಂಡವರು ಈ ಊರಿನಲ್ಲಿ ಇನ್ನು ನಲವತ್ತು ಮಂದಿಯೂ ಉಳಿದಿರಲಾರರು. ಶೂನ್ಯಕ್ಕಿಂತ ಹನ್ನೊಂದು ಡಿಗ್ರಿ ಕೆಳಗಿನ ಚಳಿ. ವಾಯವ್ಯದಿಂದ ಮುಖಕ್ಕೆ ಬಡಿಯುವ ಗಾಳಿ. ಲೀಗಿನ ಅಂತಿಮ ಪಂದ್ಯದಲ್ಲಿ ನಮ್ಮವರು ಮಾರ್‌ಡೇಲ್ ತಂಡಕ್ಕಿಂತ ಮೂರು ಅಂಕ ಹಿಂದಿದ್ದರು. ಗಡಿಯಾರದಲ್ಲಿ ಉಳಿದಿದ್ದದ್ದು ಒಂದು ನಿಮಿಷ ಹತ್ತು ಸೆಕೆಂಡು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ನಮ್ಮ ಫುಟ್‌ಬಾಲಿನ ಧರ್ಮಶಾಸ್ತ್ರ ಬಹಳ ಚಿಕ್ಕದು: ಮೂರು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಅದು ಮೂರನೆಯ ಯತ್ನ. ಇನ್ನೂ ಏಳು ಗಜ ಬಾಕಿ. ಒರೆಸ್ಟ್ ಮೂರನೆಯ ಗಜದಲ್ಲೇ ಸಿಕ್ಕಿಬಿದ್ದ. ಆದರೆ ಬೀಳಲಿಲ್ಲ. ಮಾರ್‌ಡೇಲಿನ ಮೂವರು ಆಳುಗಳನ್ನು ಬೆನ್ನಿನ ಮೇಲೆ ಹೊತ್ತುಕೊಂಡು, ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಮತ್ತೂ ನಾಲ್ಕು ಗಜ ನಡೆದ. ಕೊನೆಗೆ ಎದೆ ಅಡಿಯಾಗಿ ಬಿದ್ದಾಗ ಅವನ ಎಡಭುಜದ ಕೊರಳೆಲುಬು ಮುರಿದಿತ್ತು. ಮುಂದೆ ಚಾಚಿದ ಎರಡು ಕೈಗಳ ನಡುವೆ ಚೆಂಡು ಮಾತ್ರ ಅಲುಗದೆ ಇತ್ತು.

ಪಂಚರು ಸರಪಳಿಯನ್ನು ಮೈದಾನದೊಳಕ್ಕೆ ಕರೆಸಿದರು. ಮೊದಲ ಯತ್ನ ಶುರುವಾದ ಜಾಗದಿಂದ ಮುಂದಕ್ಕೆ, ಎರಡು ಕೋಲುಗಳ ನಡುವೆ ಹತ್ತು ಗಜದ ಸರಪಳಿ ಬಿಗಿಯಾಯಿತು. ಮುಂದಿನ ಕೋಲಿಗೂ ಚೆಂಡಿನ ಮೂತಿಗೂ ನಡುವೆ ಎರಡು ಇಂಚು ಖಾಲಿ ಉಳಿಯಿತು. ಪಂದ್ಯ ಹೋಯಿತು, ಕಪ್ ಹೋಯಿತು. ಮುಂದಿನ ವಾರ ಇದೇ ಪತ್ರಿಕೆ ಮುಖಪುಟದಲ್ಲಿ ‘ಎರಡಿಂಚು’ ಎಂಬ ಒಂದೇ ಪದವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿತು. ಅಂದಿನಿಂದ ಒರೆಸ್ಟ್ ಈ ಊರಿಗೆ ಎರಡಿಂಚು ಒರೆಸ್ಟ್.

ಈ ಬರಹ ಒರೆಸ್ಟನ ಕುರಿತದ್ದಲ್ಲ. ಅಂದು ಮುಂದಿನ ಕೋಲನ್ನು ಹಿಡಿದು ನಿಂತಿದ್ದವನ ಕುರಿತದ್ದು.

ಕಳೆದ ಶನಿವಾರ ಬೆಳಗ್ಗೆ ಏಳು ಗಂಟೆ. ಪೂರ್ವದಲ್ಲಿ ಬೆಳಕಿಗೆ ಇನ್ನೂ ಬೂದಿಯ ಬಣ್ಣ. ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯನ್ನು ಚರಚರನೆ ತುಳಿಯುತ್ತ ಐನರ್ ಫ್ಲಾಟೆನ್ ಪ್ರೇಕ್ಷಕರ ಮೆಟ್ಟಿಲುಗಳ ಕೆಳಗಿನ ಕೊಠಡಿಯ ಬೀಗ ತೆಗೆಯುತ್ತಾರೆ. ವಯಸ್ಸು ಎಪ್ಪತ್ತನಾಲ್ಕು. ಸರಪಳಿ ಹಿಡಿಯಲು ತೊಡಗಿ ನಲವತ್ತೈದು ಸೀಸನ್‌ಗಳಾದವು. ಪ್ರತಿಫಲವಾಗಿ ಪಂದ್ಯಕ್ಕೊಂದು ಸ್ಯಾಂಡ್‌ವಿಚ್, ಆರು ವರ್ಷಕ್ಕೊಮ್ಮೆ ಹೊಸ ಚಳಿಯಂಗಿ. ನೂರಹತ್ತು ಗಜ ಉದ್ದ, ಅರವತ್ತೈದು ಗಜ ಅಗಲದ ಈ ಮೈದಾನಕ್ಕೆ ಬಿಳಿಗೆರೆ ಬಳಿಯುವ ಕೆಲಸವೂ ಅವರದೇ. ಅದನ್ನು ಶುಕ್ರವಾರ ಸಂಜೆಯೇ ಮುಗಿಸಿರುತ್ತಾರೆ. ಪಂದ್ಯದ ದಿನದ ಬೆಳಗು ಬೇರೊಂದು ಕೆಲಸಕ್ಕೆ ಮೀಸಲು.

ಅವರು ಸರಪಳಿಯನ್ನು ಉದ್ದನೆಯ ಹಲಗೆಯ ಮೇಲೆ ಬಿಡಿಸಿ ಹಾಸುತ್ತಾರೆ. ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ ಇನ್ನೊಂದನ್ನು ಮೈಭಾರ ಹಾಕಿ ಎಳೆಯುತ್ತಾರೆ. ಪಕ್ಕದಲ್ಲಿ ಉಕ್ಕಿನ ಟೇಪು. ಮಂಡಿಯೂರಿ, ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಾಗಿ ನೋಡುತ್ತಾರೆ. “ಮೂವತ್ತಡಿ,” ಎನ್ನುತ್ತಾರೆ ಗಟ್ಟಿಯಾಗಿ, ಯಾರೋ ಪ್ರಶ್ನೆ ಕೇಳಿದರೋ ಎಂಬಂತೆ. ಆಮೇಲೆ ಇನ್ನೊಮ್ಮೆ ಅಳೆಯುತ್ತಾರೆ. ಇನ್ನೂ ಒಮ್ಮೆ. ಒಂದು ಬೆಳಗಿಗೆ ಮೂರು ಸಲ, ಒಂದು ಸೀಸನ್ನಿಗೆ ಒಂಬತ್ತು ಬೆಳಗು. ಮೂವತ್ತೆಂಟು ವರ್ಷಗಳಿಂದ ಒಂದು ಸಲವೂ ತಪ್ಪಿಲ್ಲ.

ಲೀಗಿನಲ್ಲಿ ಹೀಗೆ ಮಾಡುವವರು ಬೇರೆ ಯಾರೂ ಇಲ್ಲ. ಊರಿನವರು ಇದನ್ನು ಮುದುಕನ ಗೀಳು ಎಂದುಕೊಂಡಿದ್ದಾರೆ. ಕಾರಣ ಕೇಳಿದರೆ ಐನರ್ ಹವಾಮಾನದ ಮಾತು ತೆಗೆಯುತ್ತಿದ್ದರು. ಅಂದು ತೆಗೆಯಲಿಲ್ಲ. ಒಳಜೇಬಿನಿಂದ ಹಳೆಯ ಹೊಗೆಸೊಪ್ಪಿನ ಡಬ್ಬಿಯೊಂದನ್ನು ತೆಗೆದು ಹಲಗೆಯ ಮೇಲಿಟ್ಟರು. ಅದರೊಳಗೆ ಹೆಬ್ಬೆರಳ ಗಾತ್ರದ ಒಂದು ಕಬ್ಬಿಣದ ಕೊಂಡಿ.

“ಎಂಬತ್ತಾರರ ಆಗಸ್ಟ್‌ನಲ್ಲಿ ಸರಪಳಿ ತುಂಡಾಯ್ತು. ನಾನು ಕೆಲಸ ಮಾಡ್ತಿದ್ದ ಕಣಜದಲ್ಲಿ ಕೈಗೆ ಸಿಕ್ಕಿದ ದಪ್ಪ ಕೊಂಡಿ ಹಾಕಿ ನಾನೇ ಬೆಸೆದೆ. ಗಟ್ಟಿಯಾಗಿ ಕೂತ್ಕೊಂಡಿತು. ಖುಷಿಯಾಯ್ತು, ಮರೆತುಬಿಟ್ಟೆ. ಮುಂದಿನ ವಸಂತದಲ್ಲಿ ತುಕ್ಕು ಉಜ್ಜೋಕೆ ಅಂತ ತೆಗೆದಾಗ ಟೇಪು ಪಕ್ಕದಲ್ಲೇ ಬಿದ್ದಿತ್ತು. ಸುಮ್ನೆ ಅಳೆದೆ.” ಅವರು ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚುತ್ತಾರೆ. “ಮೂವತ್ತಡಿ ಮೂರಿಂಚು.”

ಒರೆಸ್ಟ್ ಹಿಂದುಳಿದದ್ದು ಎರಡಿಂಚು. ಸರಪಳಿ ಹೆಚ್ಚಿದ್ದದ್ದು ಮೂರಿಂಚು. ಉಳಿದ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಹುದು. ಐನರ್ ಅದನ್ನು ಮೂವತ್ತೆಂಟು ವರ್ಷ ಒಬ್ಬರೇ ಮಾಡಿಕೊಂಡು ಬಂದಿದ್ದಾರೆ.

ಈ ತಪ್ಪು ಅವರನ್ನು ಇಷ್ಟು ಆಳವಾಗಿ ಕೊರೆದದ್ದಕ್ಕೆ ಕಾರಣ ಅವರ ವೃತ್ತಿಯಲ್ಲಿದೆ. ರೈಲುದಾರಿಯ ಪಕ್ಕದಲ್ಲಿದ್ದ ಧಾನ್ಯದ ಕಣಜದಲ್ಲಿ ಇಪ್ಪತ್ತಾರು ವರ್ಷ ತಕ್ಕಡಿಯ ಮೇಲ್ವಿಚಾರಣೆ ಅವರದಾಗಿತ್ತು. ಸುತ್ತಲ ಮೂವತ್ತು ಮೈಲಿಯ ರೈತರು ಗೋಧಿಯ ಲಾರಿಯನ್ನು ತಂದು ನಿಲ್ಲಿಸಿ, ತಕ್ಕಡಿಯ ಮುಳ್ಳನ್ನು ನೋಡದೆ ಐನರ್ ಮುಖವನ್ನು ನೋಡಿ ಮನೆಗೆ ಹೋಗುತ್ತಿದ್ದರು. 1999ರಲ್ಲಿ ಕಂಪನಿ ಕಣಜವನ್ನು ಕೆಡವಿತು. ಐವತ್ತು ಸಮೀಪಿಸಿದ್ದ ಮನುಷ್ಯ ಶಾಲೆಯ ಬಸ್ಸು ಓಡಿಸಿದರು. ಚಳಿಗಾಲದಲ್ಲಿ ಮಕ್ಕಳ ಜಾರಾಟಕ್ಕೆಂದು ಆಟದ ಅಂಗಳಕ್ಕೆ ನೀರು ಹಾಯಿಸಿ ಮಂಜುಗಡ್ಡೆ ಕಟ್ಟಿಸಿದರು. ಹೆಂಡತಿ ತೀರಿಕೊಂಡ ವಾರವೂ ಪಂದ್ಯ ತಪ್ಪಿಸಲಿಲ್ಲ.

“ತಕ್ಕಡಿ ಪರೀಕ್ಷೆಗೆ ಸರಕಾರದೋರು ವರ್ಷಕ್ಕೊಂದ್ಸಲ ಬರ್ತಿದ್ರು. ನಾನೇ ತಿಂಗಳಿಗೊಂದ್ಸಲ ಪರೀಕ್ಷೆ ಮಾಡ್ತಿದ್ದೆ. ಒಂದು ಲಾರಿ ಗೋಧೀಲಿ ನಾಕು ಪೌಂಡ್ ಹೆಚ್ಚುಕಮ್ಮಿ ಬಂದ್ರೆ ನಿದ್ದೆ ಹತ್ತುತಿರ್ಲಿಲ್ಲ. ಸರಪಳೀನ ಮಾತ್ರ ಅಳೀಲಿಲ್ಲ ನೋಡಿ. ಅಳೆಯೋ ವಸ್ತೂನ ಅಳೀಬೇಕು ಅಂತ ಹೊಳೀಲೇ ಇಲ್ಲ.”

ಆಗಲೇ ಏಕೆ ಹೇಳಲಿಲ್ಲ? “ಮೊದಲ್ನೇ ವರ್ಷ ಹೆದರಿಕೆ. ಎರಡ್ನೇ ವರ್ಷ, ಹೋದ ವರ್ಷವೇ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾರಲ್ಲ ಅನ್ನೋ ಹೆದರಿಕೆ. ಆಮೇಲೆ ವರ್ಷ ವರ್ಷ ಅದೇ ಬೆಳೀತು.”

ಮುಂದಿನ ಸೀಸನ್ನಿನಿಂದ ಲೀಗು ಸರಪಳಿಯನ್ನು ಕೈಬಿಡುತ್ತಿದೆ. ಅಳತೆಗೆ ಯಂತ್ರ ಬರಲಿದೆ. ಮನೆಯಲ್ಲಿ ಕುಳಿತವರು ಹತ್ತು ಗಜದ ಗುರಿ ತೋರಿಸಲು ಟಿ.ವಿ. ಪರದೆಯ ಮೇಲೆ ಎಳೆಯುವ ಹಳದಿ ಗೆರೆಯನ್ನು ನಂಬತೊಡಗಿ ಬಹಳ ಕಾಲವಾಯಿತು. ಕೋಲು ಹಿಡಿದು ಓಡುವ ಮೂವರು ಮುದುಕರು ಅವರ ಕಣ್ಣಿಗೆ ಅಲಂಕಾರ ಮಾತ್ರ. ಸರಪಳಿಯನ್ನು ಊರಿನ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಡುವುದೆಂದು ತೀರ್ಮಾನವಾಗಿದೆ. ಪಕ್ಕದಲ್ಲಿಡುವ ಫಲಕದ ಒಕ್ಕಣೆಯನ್ನು ಸಮಿತಿಯವರು ಒಪ್ಪಿಗೆಗಾಗಿ ಐನರ್‌ಗೇ ಕಳಿಸಿದರು: ‘1986ರಲ್ಲಿ ಒರೆಸ್ಟ್ ಕೋವಲ್ ಎರಡಿಂಚು ಹಿಂದುಳಿದದ್ದನ್ನು ನಿರ್ಣಯಿಸಿದ ಸರಪಳಿ.’

“ಬಾಯಲ್ಲಿ ಹೇಳೋ ಮಾತು ನಾನು ಸತ್ರೆ ಸಾಯುತ್ತೆ ಅಂದ್ಕೊಂಡಿದ್ದೆ,” ಎನ್ನುತ್ತಾರೆ ಐನರ್. “ಗಾಜಿನೊಳಗೆ ಇಟ್ಟಿದ್ದು ಸಾಯೋದಿಲ್ಲ.” ಡಬ್ಬಿಯನ್ನು ಜೇಬಿಗೆ ಸೇರಿಸಿ ಅವರು ಕೆಫೆಯ ಕಡೆ ನಡೆಯುತ್ತಾರೆ.

ಮುಖ್ಯರಸ್ತೆಯ ಕೆಫೆಯಲ್ಲಿ ಕಿಟಕಿಯ ಪಕ್ಕದ ಉದ್ದ ಮೇಜು ಬೆಳಗಿನ ಕಾಫಿಯವರದು. ಗೋಧಿಯ ಬೆಲೆ, ಮಂಡಿನೋವು, ದೊಡ್ಡ ಲೀಗಿನ ತಂಡಗಳ ಸೀಸನ್, ಟಿ.ವಿ.ಯವರ ಅನ್ಯಾಯ, ಎಲ್ಲವೂ ದಿನವೂ ಅಲ್ಲೇ ಇತ್ಯರ್ಥವಾಗುತ್ತವೆ. ನಿವೃತ್ತ ಅಂಚೆ ಮಾಸ್ತರ ಮರ್ಡೊ ಗಿಲ್ಲಿಸ್ ಆಗಲೇ ಬಿಸಿಯಾಗಿದ್ದಾರೆ.

“ನಿನ್ನೆ ರಾತ್ರಿ ನೋಡಿದ್ರೇನ್ರೋ? ಇಲ್ಲಿ ಮೂರನೇ ಕ್ವಾರ್ಟರ್ ನಡೀತಾ ಇದೆ, ಅರ್ಧ ಪರದೆ ತುಂಬ ಯಾವನೋ ಹಾಕಿ ಆಟಗಾರನ ಮೊಣಕಾಲು! ಅವನ ಮೊಣಕಾಲು ಕಟ್ಕೊಂಡು ನನಗೇನಾಗ್ಬೇಕು?”

“ಅದೇ ಮೊಣಕಾಲು ಜುಲೈನಲ್ಲೂ ತೋರಿಸಿದ್ರು,” ಎನ್ನುತ್ತಾರೆ ಎದುರು ಕುಳಿತ ಒರೆಸ್ಟ್ ಕೋವಲ್. ರಸ್ತೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ, ಅರವತ್ತಾರರ ಭಾರೀ ಆಳು. ಮುರಿದು ಕೂಡಿದ ಎಡಭುಜ ಇಂದಿಗೂ ಒಂದಿಷ್ಟು ಜೋತಿದೆ. “ದೊಡ್ಡ ಲೀಗಲ್ಲಿ ನಮ್ಮೋರು ಎಂಟರಲ್ಲಿ ಆರು ಸೋತ್ರಲ್ಲ, ನಾಚಿಕೆಯಾಗಿ ಮುಚ್ಚಿಟ್ಟಿದ್ದಾರೆ ಬಿಡು.”

“ಸೋಲೋದನ್ನಾದ್ರೂ ನೆಟ್ಟಗೆ ತೋರಿಸ್ಲಿ ಮಾರಾಯ! ನೀನೇನಪ್ಪಾ ಎರಡಿಂಚು, ನಿಂಗೆ ಸೋತು ಅಭ್ಯಾಸ.”

ಮೇಜು ನಗುತ್ತದೆ. ಒರೆಸ್ಟ್ ಕೂಡ ನಗುತ್ತಾರೆ, ಮೂವತ್ತೆಂಟು ವರ್ಷಗಳಿಂದ ನಕ್ಕಂತೆಯೇ. ಕಾಫಿ ಹಾಕುತ್ತಿರುವ ದಾರಿಯಾ ಒಬ್ಬಳೇ ನಗುವುದಿಲ್ಲ. ಇಪ್ಪತ್ತೆರಡರ ಆಕೆ ಒರೆಸ್ಟರ ಮೊಮ್ಮಗಳು. ಶಾಲೆಯಲ್ಲಿ ಆಕೆಯನ್ನೂ ಎರಡಿಂಚಿನ ಮೊಮ್ಮಗಳೆಂದೇ ಕರೆದರು.

ಐನರ್ ಕುಳಿತುಕೊಳ್ಳುವುದಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕೊಂಡಿಯನ್ನು ಒರೆಸ್ಟರ ಲೋಟದ ಪಕ್ಕ ಇಡುತ್ತಾರೆ. ಆಗಸ್ಟಿನ ಬೆಸುಗೆಯಿಂದ ವಸಂತದ ಅಳತೆಯವರೆಗೆ ಎಲ್ಲವನ್ನೂ ನಿಂತಲ್ಲೇ ಹೇಳುತ್ತಾರೆ. ಒಂದೂ ಮಾತು ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಮೊದಲು ಬಾಯಿ ತೆರೆಯುವವರು ಮರ್ಡೊ. “ಹಂಗಂದ್ರೆ ಹೆಂಗೆ? ಮಾರ್‌ಡೇಲ್‌ನೋರಿಗೂ ಅದೇ ಸರಪಳಿ ತಾನೆ? ಅವರಿಗೂ ಮೂರಿಂಚು ಜಾಸ್ತಿ ತಾನೆ?”

“ಮರ್ಡೊ,” ಎನ್ನುತ್ತಾರೆ ಒರೆಸ್ಟ್, ಕೊಂಡಿಯಿಂದ ಕಣ್ಣು ಕೀಳದೆ, “ಬಾಯ್ಮುಚ್ಕೊಂಡು ಬನ್ ತಿನ್ನು.”

ಅವರು ಕೊಂಡಿಯನ್ನು ಬೆರಳಿಗೆ ಉಂಗುರದಂತೆ ಸಿಕ್ಕಿಸಿ ನೋಡುತ್ತಾರೆ, ಕಿರುಬೆರಳಿಗೂ ಹಿಡಿಯುವುದಿಲ್ಲ. “ಅಪ್ಪಂಗೆ ಆಗ ಸೊಂಟ ಕೆಟ್ಟಿತ್ತು. ಮೈದಾನಕ್ಕೆ ಬರ್ಲಿಲ್ಲ, ಟಿ.ವಿ.ಲೇ ನೋಡಿದ. ನಾನು ಬಿದ್ದಿದ್ದನ್ನ ತೋರಿಸಿದ್ರು. ಸರಪಳಿ ತರೋ ಹೊತ್ತಿಗೆ ಜಾಹೀರಾತು ಹಾಕಿದ್ರು. ಟ್ರ್ಯಾಕ್ಟರ್‌ದು. ಅದು ಮುಗಿದು ಬರೋಷ್ಟರಲ್ಲಿ ಚೆಂಡು ಮಾರ್‌ಡೇಲ್‌ನೋರ ಕೈಲಿತ್ತು. ಆಸ್ಪತ್ರೆಗೆ ಬಂದು ಅಪ್ಪ ಕೇಳಿದ್ದು ಒಂದೇ ಮಾತು. ‘ನಾನು ಆ ಟ್ರ್ಯಾಕ್ಟರ್ ನೋಡ್ತಿದ್ದಾಗ ನೀನೇನು ಮಾಡ್ತಿದ್ದೆ’ ಅಂದ. ಅಳೆದಿದ್ದನ್ನ ನೋಡ್ಲಿಲ್ಲ, ಎರಡಿಂಚು ಕಮ್ಮಿ ಅಂತಷ್ಟೇ ಕೇಳಿ, ನಾನು ಕೊನೇಲಿ ಮೈ ಉಳಿಸ್ಕೊಂಡೆ ಅಂತ್ಲೇ ನಂಬಿದ್ದ. ನಂಬ್ಕೊಂಡೇ ಹೋದ.”

“ಗೊತ್ತು,” ಎನ್ನುತ್ತಾರೆ ಐನರ್.

“ತೊಂಬತ್ತೊಂದರ ಜನವರೀಲಿ ಹೋದ.”

“ಗೊತ್ತು ಒರೆಸ್ಟ್. ಹೆಣ ಹೊತ್ತೋರಲ್ಲಿ ನಾನೂ ಒಬ್ಬ.”

“ಎಂಬತ್ತೇಳು, ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತು. ನಾಕು ವಸಂತ ಇತ್ತು ನಿನ್ಹತ್ರ. ಒಂದು ಸಂಜೆ ಬಂದು ಅಪ್ಪಂಗೆ ಹೇಳಿದ್ರೆ ಸಾಕಿತ್ತು. ನಂಗೆ ಹೇಳೋದೂ ಬೇಡವಾಗಿತ್ತು.”

ಐನರ್ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡಬೇಕಾದ ಭಾರವೂ ಒರೆಸ್ಟನ ಮೇಲೇ ಬೀಳುತ್ತದಲ್ಲ ಎಂದು ಆಮೇಲೆ ಹೇಳಿದರು. ಅವರು ಬೇಡುವುದು ಒಂದೇ: ಗಾಜಿನ ಪೆಟ್ಟಿಗೆಯ ಫಲಕ ಬದಲಾಗಬೇಕು, ಸರಪಳಿಯ ಪಕ್ಕದಲ್ಲಿ ಈ ಕೊಂಡಿಯೂ ಇರಬೇಕು, ಬೆಸೆದವನ ಹೆಸರು ಅದರ ಕೆಳಗಿರಬೇಕು. ಈ ತಪ್ಪಿನಲ್ಲಿ ಈ ಪತ್ರಿಕೆಗೂ ಒಂದು ಪಾಲು ಸಲ್ಲಬೇಕು. ಅಂದು ಯಾರನ್ನೂ ಕೇಳದೆ ಒಬ್ಬ ಮನುಷ್ಯನಿಗೆ ಕಟ್ಟಿದ ಹೆಸರನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇವೆ. ಅದನ್ನು ಓದಬೇಕಾಗಿದ್ದ ಒರೆಸ್ಟರ ತಂದೆ ಮೆಟ್ರೊ ಕೋವಲ್ ಊರಾಚೆಯ ಗುಡ್ಡದ ಮೇಲೆ ಮಲಗಿ ಮೂವತ್ತಮೂರು ವರ್ಷಗಳಾದವು ಎಂಬ ಅರಿವಿನೊಡನೆಯೇ.

ಒರೆಸ್ಟ್ ಕಾಗದದ ಕರವಸ್ತ್ರದ ಮೇಲೆ ಬೆರಳಿನಿಂದಲೇ ಏನನ್ನೋ ಗೀಚುತ್ತಾರೆ. “ಹತ್ತು ಗಜ,” ಎನ್ನುತ್ತಾರೆ ಮೆಲ್ಲಗೆ. “ಅದರ ಮೇಲೆ ಒಂದಿಂಚು.”

“ಒಂದಿಂಚು,” ಎನ್ನುತ್ತಾರೆ ಐನರ್.

“ಇವತ್ತು ಫೈನಲ್ ಅಲ್ವಾ? ಒಂದು ಗಂಟೆಗೆ?”

“ಒಂದು ಗಂಟೆಗೆ.”

“ನಾಳೆಯಿಂದ ನಿನ್ನ ಜೊತೆ ಮಾತಾಡ್ತೀನೋ ಇಲ್ವೋ, ನಂಗೇ ಗೊತ್ತಿಲ್ಲ. ಇವತ್ತು ಹೋಗಿ ಕೋಲು ನೆಟ್ಟಗೆ ಹಿಡಿ.”

ಐನರ್ ತಲೆಯಾಡಿಸಿ ಟೋಪಿ ಹಾಕಿಕೊಳ್ಳುತ್ತಾರೆ. “ಬೆಳಗ್ಗೆ ಮೂರು ಸಲ ಅಳೆದಿದ್ದೀನಿ,” ಎನ್ನುತ್ತಾರೆ. ಆ ಮಾತಿನಲ್ಲಿ ಹೆಮ್ಮೆಯಿದ್ದರೆ ಅದು ಅವರಿಗೇ ಕೇಳಿಸದಷ್ಟು ಸಣ್ಣದು. ಅವರ ಕೈ ಬಾಗಿಲ ಹಿಡಿಕೆಯ ಮೇಲಿರುವಾಗ, ದಾರಿಯಾ ಕಾಫಿಯ ಜಗ್ಗನ್ನು ಮೇಜಿನ ಮೇಲಿಟ್ಟು, ಕೆಲಸದ ಹೊತ್ತೆಂಬುದನ್ನೂ ಮರೆತು ಅಜ್ಜನ ಪಕ್ಕದ ಕುರ್ಚಿ ಎಳೆದುಕೊಂಡು ಕೂರುತ್ತಾಳೆ.

“ಐನರ್, ನೀವೂ ಇರಿ ಸ್ವಲ್ಪ,” ಎನ್ನುತ್ತಾಳೆ. ಆಮೇಲೆ ಅಜ್ಜನ ಜೋತ ಭುಜದ ಮೇಲೆ ಕೈಯಿಟ್ಟು, ಮನೆಮಾತಿನಲ್ಲಿ ಅಜ್ಜಾ ಎಂದು ಕರೆಯುತ್ತಾಳೆ. “ಗೀದೋ, ಆ ಓಟ ಇನ್ನೊಂದ್ಸಲ ಹೇಳು. ಮೊದಲಿಂದ ಬೇಡ. ಟಿ.ವಿ.ಲಿ ಟ್ರ್ಯಾಕ್ಟರ್ ಬಂತಲ್ಲ, ಅಲ್ಲಿಂದ ಹೇಳು. ಅದನ್ನ ಮನೇಲಿದ್ದೋರು ಯಾರೂ ನೋಡಿಲ್ಲ.”