ಚೌಕದೊಳಗಿನ ಬೈಗುಳ

ನಮ್ಮ ಸೋದರಮಾವನನ್ನು ಊರೆಲ್ಲ ಬೋರ್ಡ್ ಮಾವ ಎಂದೇ ಕರೆಯುವುದು. ಅಂಗಡಿ, ಆಸ್ಪತ್ರೆ, ಶಾಲೆ, ಕೊನೆಗೆ ಸ್ಮಶಾನದ ಗೇಟು ಕೂಡ ಅವರ ಕೈಬರಹದಲ್ಲೇ ಜನರನ್ನು ಒಳಗೆ ಕರೆಯುತ್ತದೆ. ಮೊದಲು ಪೆನ್ಸಿಲಿನಲ್ಲಿ ಚೌಕ ಎಳೆದು, ಅದರೊಳಗೆ ಅಕ್ಷರ ಕೂರಿಸಿ, ಆಮೇಲೆ ಬಣ್ಣ ತುಂಬುವುದು ಅವರ ಪದ್ಧತಿ. ಬಣ್ಣ ಗೆರೆ ದಾಟಿದರೆ ಅವತ್ತು ಅವರಿಗೆ ಊಟ ಸೇರುವುದಿಲ್ಲ. ಹಾಲಿನವನಿಗೆ ಒಂದು ಚೀಟಿ ಬರೆದಿಟ್ಟರೂ ಸುತ್ತ ಚೌಕ ಇರಲೇಬೇಕು. ಇದು ಕಲೆಯೋ ಕಾಯಿಲೆಯೋ ಎಂದು ಅತ್ತೆ ಕೇಳುತ್ತಲೇ ಇರುತ್ತಾರೆ.

ಅಂಥ ಮನುಷ್ಯ ಜೀವಮಾನದಲ್ಲಿ ಬೇಕೆಂದೇ ಕೆಡಿಸುತ್ತಿದ್ದ ಒಂದೇ ಒಂದು ಕಾಗದವೆಂದರೆ ಮತಪತ್ರ. ಕೆಡಿಸದೆ ಏನು ಮಾಡಿಯಾರು? ನಮ್ಮ ವಾರ್ಡಿನಲ್ಲಿ ಪ್ರತಿ ಸಲ ನಿಲ್ಲುವವರು ಇಬ್ಬರೇ. ಒಬ್ಬರು ಮರದ ಮಿಲ್ಲಿನ ಧಣಿ, ಇನ್ನೊಬ್ಬರು ಅವರ ಷಡ್ಡಕ, ಇಟ್ಟಿಗೆ ಭಟ್ಟಿಯ ಧಣಿ. ಅಕ್ಕನ ಗಂಡ ಒಂದು ಪಕ್ಷ, ತಂಗಿಯ ಗಂಡ ಇನ್ನೊಂದು. ಹಗಲೆಲ್ಲ ಮೈಕಿನಲ್ಲಿ ಒಬ್ಬರ ಜನ್ಮ ಇನ್ನೊಬ್ಬರು ಜಾಲಾಡಿ, ಸಂಜೆ ಹೆಂಡತಿಯರ ತವರಿನಲ್ಲಿ ಒಂದೇ ಮೇಜಿಗೆ ಕೂತು ಉಣ್ಣುತ್ತಾರೆ. ಯಾರು ಗೆದ್ದರೂ ಚರಂಡಿಗೆ ಇಟ್ಟಿಗೆ ಒಬ್ಬರದು, ಅದರ ಮೇಲಿನ ಹಲಗೆ ಇನ್ನೊಬ್ಬರದು. ಮೂರನೆಯವರು ಯಾರಾದರೂ ನಿಲ್ಲಲು ಹೋದರೆ ಅವರ ಅರ್ಜಿಯಲ್ಲಿ ಏನಾದರೊಂದು ಕೊರತೆ ಸಿಕ್ಕೇ ಸಿಗುತ್ತದೆ.

"ಹುಳ ಬಿದ್ದ ಎರಡು ಬದನೆಕಾಯಿ ಮುಂದಿಟ್ಟು ಆರಿಸ್ಕೋ ಅಂದ್ರೆ ಏನಂತ ಆರಿಸ್ಲಿ?" ಎನ್ನುತ್ತಿದ್ದರು ಮಾವ.

"ಅದಕ್ಕೆ ಅಷ್ಟು ದೂರ ಬಿಸಿಲಲ್ಲಿ ಯಾಕೆ ಹೋಗ್ಬೇಕು? ಮನೇಲೇ ಬಿದ್ಕೊಂಡಿರಿ," ಎನ್ನುತ್ತಿದ್ದರು ಅತ್ತೆ.

"ಮನೇಲಿ ಬಿದ್ಕೊಂಡ್ರೆ ಸೋಮಾರಿ ಅಂತಾರೆ ಕಣೇ. ಹೋಗಿ ಕೆಡಿಸಿ ಬಂದ್ರೆ ಅದು ಪ್ರತಿಭಟನೆ."

ಸುಮ್ಮನೆ ಅಡ್ಡಗೀಟು ಎಳೆದು ಬರುವುದೆಂದರೆ ಮಾವನಿಗೆ ಅಸಡ್ಡೆ. ಅವರು ಬರೆಯುತ್ತಿದ್ದರು. ಅದೂ ಮಿಲ್ಲಿನ ಧಣಿಯ ಹೆಸರಿನ ಮುಂದೆಯೇ, ಏಕೆಂದರೆ ಇಬ್ಬರಲ್ಲಿ ಅವರ ಮೇಲೇ ಸಿಟ್ಟು ಹೆಚ್ಚು. ಮಾವನ ಅಂಗಡಿ ಇರುವುದು ಅವರ ಕಟ್ಟಡದಲ್ಲಿ. ಎದುರಿಗೆ ಸಿಕ್ಕರೆ ಹಲ್ಲು ಕಿರಿದು ನಮಸ್ಕಾರ, ಮತಗಟ್ಟೆಯ ಪರದೆಯ ಹಿಂದೆ ಮುದ್ದಾದ ಅಕ್ಷರದಲ್ಲಿ ಬೈಗುಳ. ಪ್ರತಿ ಚುನಾವಣೆಗೂ ಹೊಸದೊಂದು ಬೈಗುಳ ಯೋಚಿಸಿಟ್ಟುಕೊಂಡು ಹೋಗುತ್ತಿದ್ದರು, ಹಳೆಯದನ್ನು ಮತ್ತೆ ಬರೆಯಲು ಅವರಿಗೇ ನಾಚಿಕೆ. ಬರೆದು ಬಂದ ಸಂಜೆ ನಡಿಗೆಯೇ ಬೇರೆ. ಊರಿನಲ್ಲಿ ತಲೆ ಬಗ್ಗಿಸದವನು ತಾನೊಬ್ಬನೇ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ನಾವು ನಗುತ್ತಿದ್ದೆವು. ಆದರೆ ಆ ಒಂದು ಹೆಮ್ಮೆಯ ಮೇಲೇ ಅವರು ವರ್ಷಪೂರ್ತಿ ಆ ನಮಸ್ಕಾರಗಳನ್ನು ಸಹಿಸಿಕೊಳ್ಳುತ್ತಿದ್ದರು ಎಂಬುದು ನಮಗೆಲ್ಲ ಗೊತ್ತಿತ್ತು.

ಈ ಸಲ ಮತ ಎಣಿಕೆ ನಡೆದದ್ದು ನಾನು ಪಾಠ ಹೇಳುವ ಶಾಲೆಯಲ್ಲಿ. ಮೇಷ್ಟರುಗಳಿಗೆಲ್ಲ ಎಣಿಸುವ ಕೆಲಸ ಬಿತ್ತು, ನನಗೂ ಬಿತ್ತು. ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಕರಿಹಲಗೆಯ ಮೇಲೆ ಬರೆಯಲು ಅಕ್ಷರ ಚೆನ್ನಾಗಿರುವವರು ಬೇಕೆಂದು ಅಧಿಕಾರಿ ಕೇಳಿದಾಗ ಎಲ್ಲರೂ ಮಾವನ ಹೆಸರನ್ನೇ ಹೇಳಿದರು. ಎಣಿಕೆಯ ಕೋಣೆಯನ್ನು ಅವರು ಒಳಗಿನಿಂದ ನೋಡಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಹಲಗೆಯಲ್ಲಿ ಮೂರು ಕಾಲಂ ಎಳೆದರು: ಮಿಲ್ಲಿನವರು, ಭಟ್ಟಿಯವರು, ಅಸಿಂಧು. ಮೂರನೆಯದನ್ನು ಸ್ವಲ್ಪ ಅಗಲವಾಗಿಯೇ ಎಳೆದರು. ಅದರಲ್ಲಿ ಬಹಳ ಹೊತ್ತು ಸೊನ್ನೆಯೇ ಕೂತಿತ್ತು.

ಕೊನೆಯ ಕಟ್ಟು ನನ್ನ ಮೇಜಿಗೆ ಬಂತು. ಒಂದು ಮತಪತ್ರದ ಮಡಿಕೆ ಬಿಚ್ಚಿದೆ. "ಇವರೂ ಬೇಡ, ಇವರ ಷಡ್ಡಕರೂ ಬೇಡ." ಕೆಳಗೆ ಬಳ್ಳಿಯ ಚಿತ್ತಾರ ಬೇರೆ. ಮಾವನದೇ ಅಕ್ಷರ. ಏನೂ ಅರಿಯದವಳಂತೆ ಅದನ್ನು ಅಧಿಕಾರಿಯ ಮುಂದಿಟ್ಟೆ.

"ಗುರುತು ಯಾರ ಚೌಕದಲ್ಲಿದೆ?" ಎಂದರು.

"ಮಿಲ್ಲಿನವರ ಚೌಕದಲ್ಲಿ. ಆದ್ರೆ ಓದಿ ನೋಡಿ ಸರ್."

"ಓದೋದು ನಮ್ಮ ಕೆಲಸ ಅಲ್ಲ ಮೇಡಂ. ಎಲ್ಲಿದೆ ಅಂತ ನೋಡೋದಷ್ಟೇ. ಗೆರೆ ದಾಟಿದ್ಯಾ?"

ಕೂದಲೆಳೆಯಷ್ಟೂ ದಾಟಿರಲಿಲ್ಲ. ಬಳ್ಳಿ ಕೂಡ ಒಳಗೇ ಇತ್ತು.

"ಮತ್ತೇನು? ಸಿಂಧು. ಮಿಲ್ಲಿನವರಿಗೆ ಒಂದು."

ಅಧಿಕಾರಿಯ ಕೈಯಲ್ಲಿ ತಮ್ಮ ಅಕ್ಷರ ಕಂಡ ಮಾವ ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ಇಳಿಸಿದರು. "ಸರ್, ಈ ಹಿಂದೇನೂ ಇಂಥದ್ದನ್ನ ಹೀಗೇ ಲೆಕ್ಕ ಹಾಕ್ತಿದ್ರಾ?"

"ನಿಯಮ ಹಳೇದು ರೀ. ಒಂದೇ ಚೌಕದಲ್ಲಿ ಏನೇ ಗೀಚಿದ್ರೂ ಅದು ಅವರ ವೋಟು. ಹಾಕಿ, ಒಂದು."

ಅಷ್ಟೂ ಚುನಾವಣೆ, ಅಷ್ಟೂ ಬೈಗುಳ, ಅಷ್ಟೂ ವೋಟು ಮಿಲ್ಲಿನವರಿಗೆ! ಬೇರೆ ಯಾರ ಕಥೆಯಾದರೂ ಆಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆಗ ಮಾತ್ರ ಅಳು ಬಂತು. ಮಿಲ್ಲಿನ ಧಣಿ ಅದೇ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಾಯಿ ಬಿಟ್ಟರೆ ಅಂಗಡಿ ಹೋಗುತ್ತದೆ, ಬಿಡದಿದ್ದರೆ ಆ ಒಂದನ್ನು ತಮ್ಮ ಕೈಯಾರೆ ಬರೆಯಬೇಕು. ಸುಮ್ಮನಿರಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಮಾವ ನನ್ನತ್ತ ನೋಡಲೇ ಇಲ್ಲ.

"ಸರ್, ಅದು ನಂದು. ನಾನು ಇವರಿಗೆ ವೋಟು ಹಾಕಿಲ್ಲ. ಬೈದಿದ್ದೀನಿ," ಎಂದರು.

ಧಣಿ ಎದ್ದು ಬಂದರು. ಬಂದವರೇ ಮಾವನ ಹೆಗಲ ಮೇಲೆ ಕೈ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಂಗೆ ಗೊತ್ತಿಲ್ವೇನಯ್ಯಾ? ನಮ್ಮ ಮಿಲ್ಲಿನ ಬೋರ್ಡು ಬರೆದವನೇ ನೀನು, ನಿನ್ನ ಅಕ್ಷರ ನಂಗೆ ತಿಳಿಯಲ್ವಾ? ಪ್ರತಿ ಸಲ ನಮ್ಮ ಏಜೆಂಟು ಬಂದು, ಬೋರ್ಡಿನವನ ವೋಟು ಬಂತು ಧಣಿ, ಈ ಸಲ ಹೀಗೆ ಬೈದಿದ್ದಾನೆ ಅಂತ ಹೇಳ್ತಾನೆ. ಮನೇಲಿ ಎಲ್ಲರೂ ಕಾಯ್ತಿರ್ತೀವಿ. ಬೈಯೋರೂ ನಮಗೇ ಹಾಕಿದ್ರೆ ಇನ್ನೇನು ಬೇಕಯ್ಯಾ?"

ಅಂಗಡಿ ಉಳಿಯಿತು. ಅದಕ್ಕಿಂತ ಅವರು ಕೆನ್ನೆಗೆ ಬಾರಿಸಿದ್ದರೆ ಮಾವನಿಗೆ ಸಮಾಧಾನವಾಗುತ್ತಿತ್ತೇನೋ. ನನಗಂತೂ ಮೈಯೆಲ್ಲ ಉರಿಯಿತು.

"ಸರ್, ಅದನ್ನ ತೆಗೆದುಹಾಕಿ," ಎಂದರು ಮಾವ.

ಅಧಿಕಾರಿ ನಿಯಮದ ಪುಸ್ತಕ ತಿರುವಿದರು. "ತೆಗೀಬಹುದು. ಆದ್ರೆ ಕಾರಣ ನೀವೇ ಬರೆದು ಸಹಿ ಹಾಕ್ಬೇಕು."

"ಇಬ್ಬರೂ ಬೇಡ ಅಂತ ಬರೀತೀನಿ."

"ಅಂಥ ಕಾರಣ ಇದರಲ್ಲಿಲ್ಲ. ನಿಮಗೆ ಅನ್ವಯಿಸೋದು ಒಂದೇ: ನನಗೆ ಮತ ಹಾಕುವ ಕ್ರಮ ತಿಳಿಯದು. ಅದನ್ನ ಬರೆದ್ರೆ ಅಸಿಂಧು. ಇಲ್ಲಾಂದ್ರೆ ವೋಟು ಅವರದೇ."

"ಬಿಡಯ್ಯಾ, ಒಂದು ವೋಟಿಗೆ ಯಾಕೆ ಮರ್ಯಾದೆ ಕಳ್ಕೋತೀಯ? ಹೇಗಿದ್ರೂ ನಾನು ಗೆದ್ದಾಯ್ತು," ಎಂದರು ಧಣಿ, ನಿಜವಾದ ಕನಿಕರದಿಂದ.

ಮಾವ ನನ್ನ ಪೆನ್ನು ಇಸಿದುಕೊಂಡರು. ಊರಿಗೆಲ್ಲ ಅಕ್ಷರ ಬರೆದುಕೊಟ್ಟ ಮನುಷ್ಯ, ನನಗೆ ಮತ ಹಾಕುವ ಕ್ರಮ ತಿಳಿಯದು ಎಂದು ನಿಧಾನವಾಗಿ ಬರೆದು ಸಹಿ ಹಾಕಿದರು. ಆಮೇಲೆ ಹಲಗೆಯ ಹತ್ತಿರ ಹೋಗಿ ಮೂರನೆಯ ಕಾಲಂನ ಸೊನ್ನೆಯನ್ನು ಒರೆಸಿ ಒಂದು ಎಂದು ಬರೆದರು. ಅಷ್ಟು ವರ್ಷಗಳಲ್ಲಿ ಮಾವ ಹೇಳಬೇಕೆಂದದ್ದು ಲೆಕ್ಕಕ್ಕೆ ಬಂದದ್ದು ಆ ಒಂದು ಸಲ ಮಾತ್ರ, ಅದೂ ವೋಟು ಹಾಕಲು ಬಾರದವರ ಲೆಕ್ಕದಲ್ಲಿ.