ಎರಡು ಸೂತ್ ಸತ್ಯ

ಬೆಳಿಗ್ಗೆ ಆರೂಕಾಲು. ಮುಂಬೈ ಹತ್ತಿರದ ಕಲ್ಯಾಣದ ಮರದ ವಖಾರಿಯಲ್ಲಿ ಗರಗಸ ಇನ್ನೂ ಗಂಟಲು ಸರಿಮಾಡಿಕೊಂಡಿಲ್ಲ. ಯಂಕಪ್ಪ ಮಾತ್ರ ಆಗಲೇ ಬಾಗಿಲ ಚೌಕಟ್ಟಿನ ತುಂಡುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಒಂದು ಕಿವಿಯ ಮೇಲೆ ಬೀಡಿ, ಇನ್ನೊಂದರ ಮೇಲೆ ಸೀಮೆಸುಣ್ಣ. “ಒಮ್ಮೊಮ್ಮಿ ಸುಣ್ಣಕ್ಕ ಕಡ್ಡಿ ಗೀರಿಬಿಡತೀನ್ರೀ” ಎಂದು ನಗುತ್ತಾರೆ.

ಮರ ಕೊಯ್ದಾಗಿನ ಅಳತೆ ಪ್ರತಿ ತುಂಡಿನ ತುದಿಯಲ್ಲೂ ಮೊದಲೇ ಇದೆ. ಅದರ ಕೆಳಗೆ, ನುಣುಪು ಮಾಡುವ ರಂಧಾ ಯಂತ್ರದಿಂದ ಹೊರಬಂದ ಮೇಲಿನ ಅಳತೆಯನ್ನು ಅವರೀಗ ಬರೆಯುತ್ತಿದ್ದಾರೆ. ಎರಡೂ ಕನ್ನಡ ಅಂಕಿಯಲ್ಲಿ. ದಿನಕ್ಕೆ ಇನ್ನೂರೈವತ್ತು ತುದಿ. ಎಲೆಮರೆಯ ಕಾಯಿ ಎನ್ನೋಣವೆಂದರೆ, ಇಲ್ಲಿ ಇಷ್ಟು ಮರವಿದ್ದೂ ಒಂದೇ ಒಂದು ಎಲೆಯಿಲ್ಲ!

ಸಿಂದಗಿ ಕಡೆಯ ಯಂಕಪ್ಪ ಇಲ್ಲಿಗೆ ಬಂದದ್ದು ೨೦೦೧ರಲ್ಲಿ, ಹಮಾಲಿಗೆ. ಓದು ನಾಲ್ಕನೆಯ ಇಯತ್ತೆ. “ಇಂಗ್ಲಿಷ್ ನಾಕಕ್ಕೂ ಒಂಬತ್ತಕ್ಕೂ ನನ್ನ ಕೈಯಾಗ ಫರಕ್ ಆಗೂದಿಲ್ರೀ. ಕನ್ನಡದ್ದು ಹಂಗಲ್ಲ, ಕೈಗಿ ಕುಂತೈತಿ.” ಅಳತೆಯಲ್ಲಿ ಕಣ್ಣು ಚುರುಕೆಂದು ವಖಾರಿಯ ಮಾಲೀಕ ಸೇಠ್ ಯಂಕಪ್ಪನವರ ಕೈಗೆ ಸೀಮೆಸುಣ್ಣ ಕೊಟ್ಟರು. ಅಂಬರನಾಥದ ಚಾಳಿನಲ್ಲಿ ಹೆಂಡತಿ ಮರಗಮ್ಮ “ನಮ್ಮನಿಯವ್ರು ಮಾಸ್ತರಾದ್ರು” ಎಂದು ಸಕ್ಕರೆ ಹಂಚಿದರು.

ಈ ಪೇಟೆಯ ಪದ್ಧತಿ ವಿಚಿತ್ರ. ನಾಲ್ಕಿಂಚಿನ ಮರಕ್ಕೆ ರಂಧಾ ಹೊಡೆದರೆ ಎರಡೂ ಮಗ್ಗುಲಲ್ಲಿ ಒಂದೊಂದು ಸೂತ್, ಅಂದರೆ ಇಂಚಿನ ಎಂಟನೇ ಒಂದು ಪಾಲು, ಹೊಟ್ಟಾಗಿ ಹಾರಿಹೋಗುತ್ತದೆ. ಉಳಿಯುವುದು ಮೂರೂಮುಕ್ಕಾಲು. ಹೆಸರು ಮಾತ್ರ ನಾಲ್ಕೇ, ದರವೂ ನಾಲ್ಕಕ್ಕೇ.

೨೦೧೧ರಲ್ಲಿ ಡೊಂಬಿವಲಿಯಿಂದ ಸತ್ಯಭಾಮಾ ಬರುತ್ತಾರೆ. ಕುಂದಾಪುರ ಕಡೆಯವರು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮನೆ ರಿಪೇರಿಗೆ ಚೌಕಟ್ಟು ಬೇಕು. ಅವರಿಗೆ ಮೊದಲು ಕಂಡದ್ದು ಮರವಲ್ಲ, ಅಂಕಿ. “ನಮ್ಮ ನಾಲ್ಕು ಕಂಡದ್ದೇ ಕಂಡದ್ದು, ಟೇಪು ಹಾಕ್ಲೇ ಇಲ್ಲ ಮಾರಾಯ್ರೆ. ಕನ್ನಡದವ್ರು ಬರೆದದ್ದು ಸುಳ್ಳಾಗ್ತದಾ?”

ಬಡಗಿ ಕೂರಿಸಿದ ಮೇಲೆ ಚೌಕಟ್ಟು ಬಡಕಲಾಗಿ ಕಾಣಿಸಿತು. ಬ್ಲೌಸಿನ ಟೇಪು ಹಿಡಿದರೆ ಮೂರೂಮುಕ್ಕಾಲು! ವಖಾರಿಗೆ ಓಡಿದರು. ಸೇಠ್ ಪ್ಯಾಂಟು ಮೇಲೆಳೆದು, ಪಾನ್ ಒಂದು ದವಡೆಗೆ ಸರಿಸಿ, “ಅರೇ ಬೆಹೆನ್‌ಜಿ, ಚಾರ್ ಮತ್ಲಬ್ ಚಾರ್ ಥೋಡೀ ಹೋತಾ ಹೈ!” ಎಂದರು, ನಾಲ್ಕೆಂದರೆ ನಾಲ್ಕೇ ಇರುತ್ತದೆಯೇ ಎಂಬಂತೆ. ಸತ್ಯಭಾಮಾ ಬಿಡುವವರೇ? “ಮೂವತ್ತಾರು ಅಂತ ಹೇಳಿ ಮೂವತ್ನಾಲ್ಕರ ಬ್ಲೌಸ್ ಹೊಲಿದು ಕೊಟ್ರೆ, ಗಿರಾಕಿ ಉಸಿರು ಎಲ್ಲಿ ಬಿಡುದು?”

ಪ್ರಕರಣ ಠಾಣೆ ಜಿಲ್ಲೆಯ ಗ್ರಾಹಕರ ವೇದಿಕೆಗೆ ಹೋಯಿತು. ಬಿಲ್ಲಿನಲ್ಲಿ ಬರೀ ‘ಚೌಕಟ್ಟು, ಆರು’ ಎಂದಿತ್ತು, ಅಳತೆ ಇರಲಿಲ್ಲ. ಆ ಮರ ತಮ್ಮದೇ ಅಲ್ಲ ಎಂಬುದು ಸೇಠ್ ವಾದ. ಸತ್ಯಭಾಮಾ ಅಕ್ಕಿಯ ಚೀಲದಿಂದ ಒಂದು ತುಂಡು ತೆಗೆದರು. ಬಡಗಿ ಕತ್ತರಿಸಿ ಎಸೆದದ್ದನ್ನು ಜೋಪಾನ ಮಾಡಿದ್ದರು. ತುದಿಯಲ್ಲಿ ಬೆಳ್ಳಗೆ ‘೪’. ಕಲ್ಯಾಣದ ಮರದ ಪೇಟೆಯಲ್ಲೆಲ್ಲ ಹಾಗೆ ಬರೆಯುವ ಕೈ ಒಂದೇ.

ಸಾಕ್ಷಿಗೆ ಯಂಕಪ್ಪನವರನ್ನು ಕರೆಸಿದರು. ಠಾಣೆಗೆ ಹೋಗುವ ಲೋಕಲ್‌ನಲ್ಲೇ ಅವರಿಗೆ ಸೇಠ್ ಪಾಠ ಹೇಳಿಕೊಟ್ಟಿದ್ದರು: “ಬೋಲ್ನಾ, ಮೇರಾ ಲಿಖಾ ನಹೀ. ವರ್ನಾ ಕಲ್ ಸೇ ಮತ್ ಆನಾ.” ತನ್ನ ಬರಹವಲ್ಲ ಎನ್ನದಿದ್ದರೆ ನಾಳೆಯಿಂದ ಹತ್ತು ವರ್ಷದ ಕೆಲಸ ಹೋದಂತೆ. ಯಂಕಪ್ಪ ತುಂಡನ್ನು ಕೈಗೆ ತೆಗೆದುಕೊಂಡರು. ಅಂದು ಮುರುಕು ಮರಾಠಿಯಲ್ಲಿ ಹೇಳಿದ್ದನ್ನು ಈಗ ತಮ್ಮ ಮಾತಿನಲ್ಲೇ ಹೇಳುತ್ತಾರೆ: “ಆಕಿ ಸೇಠನ್ನ ನಂಬಿದ್ದಿಲ್ರೀ, ನನ್ನ ನಾಕನ್ನ ನಂಬಿದ್ಳು. ಅದಕ್ಕ ಅಂದೆ, ಸಾಹೇಬ್ರ, ನಾನ ಬರದದ್ದು. ಬರದಾಗ ನಾಕ ಇತ್ತು. ರಂಧಾ ಹೊಡದ ಮ್ಯಾಲ ಅಳಸಲಿಲ್ಲ, ಅದು ನಂದ ತಪ್ಪು.”

ಕಡಿಮೆ ಬಿದ್ದ ಮರದ ಹಣ ಸತ್ಯಭಾಮಾ ಅವರಿಗೆ ವಾಪಸಾಯಿತು. ಇನ್ನು ಮುಂದೆ ನಿಜವಾದ ಅಳತೆಯನ್ನೂ ಬರೆಯಬೇಕೆಂದು ವೇದಿಕೆ ಹೇಳಿತು. ಸೇಠ್ ಯಂಕಪ್ಪನವರನ್ನು ಕೆಲಸದಿಂದ ತೆಗೆಯಲಿಲ್ಲ, ಸೀಮೆಸುಣ್ಣ ಕಿತ್ತುಕೊಂಡರು. ನಲವತ್ತಾರರ ಹೆಗಲು ಮತ್ತೆ ಹಮಾಲಿಗೆ. ಐದು ತಿಂಗಳಲ್ಲಿ ಎರಡು ಸಲ ಲಾರಿಯ ಮೇಲೇ ಕುಸಿದರು. ಅವರ ಜಾಗಕ್ಕೆ ಬಂದವನು ಹಳೇ ಚಾಳಿಯಂತೆ ಒಂದೇ ಅಳತೆ ಬರೆದ. ಮತ್ತೊಬ್ಬ ಗಿರಾಕಿ ಟೇಪು ಹಿಡಿದು ಬಂದೇ ಬಿಟ್ಟ. ಮುಂದಿನದನ್ನು ಯಂಕಪ್ಪ ಎದ್ದು ನಿಂತು, ಇಲ್ಲದ ಹೊಟ್ಟೆ ಮುಂದೆ ತಂದು, ಸೇಠ್ ದನಿಯಲ್ಲೇ ಮಾಡಿ ತೋರಿಸುತ್ತಾರೆ: “ಲೇ ಯಂಕ್ಯಾ, ಪಕಡ್ ತೇರಾ ಚಾಕ್! ದೋ ಬಾರ್ ಲಿಖ್ ಬಾಬಾ, ದೋ ಬಾರ್!” ಅಂದಿನಿಂದ ಸೀಮೆಸುಣ್ಣ ಮತ್ತೆ ಅವರ ಕೈಗೆ, ಪ್ರತಿ ತುದಿಗೂ ಎರಡೆರಡು ಸಲ ಅಳತೆ.

ಗರಗಸ ಅರಚತೊಡಗುತ್ತದೆ. ಯಂಕಪ್ಪನವರ ಚಾಳಿನ ಖೋಲಿಗೆ ಇವತ್ತಿಗೂ ತಗಡಿನ ಬಾಗಿಲು. ಒಂದು ಒಳ್ಳೆಯ ಚೌಕಟ್ಟು ಕೂರಿಸಬೇಕೆಂಬುದಷ್ಟೇ ಆಸೆ. ಅದರ ತುದಿಗೂ ಎರಡು ಅಳತೆ ಬರೆಯುತ್ತಾರಂತೆ. ಆದರೆ ಚೌಕಟ್ಟಿನ ಕಾಲು ನೆಲದೊಳಗೆ ಹೋಗುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ಬರೆದದ್ದು ಯಾರಿಗೆ ಕಾಣುತ್ತದೆ?

ಯಂಕಪ್ಪ ಮುಂದಿನ ತುಂಡಿಗೆ ಟೇಪು ಎಳೆಯುತ್ತಾರೆ. “ಕಾಣೂದ್ಯಾಕ ಬೇಕ್ರೀ? ನೆಲದಾಗ ಹುಗದ್ರೂ ಬರದಷ್ಟ ಇರಬೇಕು.”