ಕಟ್ಟೆ ಒಡೆದ ಓಣಿ

ಗದಗಿನ ಬಸ್ ನಿಲ್ದಾಣದ ಹಿಂದೆ ನಮ್ಮ ಓಣಿ. ಯಾವ ಬಸ್ಸು ಯಾವ ಊರಿಗೆ ಹೊರಟಿತೆಂದು ಕಂಡಕ್ಟರನ ಕೂಗಿನಿಂದಲೇ ಇಲ್ಲಿ ತಿಳಿಯುತ್ತದೆ. ಗಾದಿ ಹೊಲಿಯುವ ಮಹಬೂಬಸಾಬನ ಮನೆ ನನ್ನ ಮನೆಯ ಎದುರಿಗೆ. ಎರಡೇ ಕೋಣೆ, ಒಂದರಲ್ಲಿ ಹತ್ತಿ, ಇನ್ನೊಂದರಲ್ಲಿ ಗಂಡ ಹೆಂಡತಿ. ಮೂವತ್ತು ವರ್ಷ ಊರಿಗೆಲ್ಲ ಗಾದಿ ಹೊಲಿದುಕೊಟ್ಟವನಿಗೆ ಮಗಳ ಗಾದಿ ಹಾಸಲು ಜಾಗ ಸಿಗಲಿಲ್ಲ. ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ.

ಮಗಳು ಜಾಸ್ಮಿನ ಲಕ್ಷ್ಮೇಶ್ವರದ ಆಸ್ಪತ್ರೆಯೊಂದರಲ್ಲಿ ನರ್ಸು. ಗಂಡನ ಜತೆ ಊರ ಹೊರಗೆ, ಮಲ್ಲಸಮುದ್ರದ ಆಚೆಯ ಹೊಸ ಲೇಔಟಿನಲ್ಲಿ ಬಾಡಿಗೆಗಿದ್ದಳು. ಅಲ್ಲಿ ಅಗಲ ರಸ್ತೆ, ದೀಪದ ಕಂಬ, ಉದ್ಯಾನದ ಫಲಕ ಎಲ್ಲ ಇವೆ. ಬಸ್ಸು ಮಾತ್ರ ಇಲ್ಲ. ಬೆಳಗಿನ ಆರರ ಲಕ್ಷ್ಮೇಶ್ವರದ ಬಸ್ಸು ಹಿಡಿಯಲು ಐದಕ್ಕೇ ಎದ್ದು ಗದಗಿನ ನಿಲ್ದಾಣದವರೆಗೆ ನಡೆಯಬೇಕು. ಬಸ್ಸು ಮೇಲಿಂದ ಮೇಲೆ ತಪ್ಪಿತು. ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು ಆಸ್ಪತ್ರೆಯವರು.

ಅಪ್ಪನ ಮನೆಯ ಮೇಲೆ ಎರಡು ಕೋಣೆ ಏರಿಸಿದರೆ ಈ ಗೋಳೇ ಇಲ್ಲ. ಮಹಬೂಬಸಾಬ ನಗರಸಭೆಗೆ ಪರವಾನಗಿ ಕೇಳಲು ಹೋದ.

"ನಿಮ್ಮ ಓಣಿ ಒಂಬತ್ತ ಫೂಟ ಐತಿ. ಹನ್ನೆರಡ ಇಲ್ಲದ ಮ್ಯಾಲಿನ ಅಂತಸ್ತಿಗೆ ಪರವಾನಗಿ ಕೊಡಾಕ ಬರೂದಿಲ್ರಿ" ಎಂದರು ಕಚೇರಿಯ ಸಾಹೇಬರು.

ನಮ್ಮಲ್ಲಿ ಪ್ರತಿ ಮನೆಯ ಮುಂದೆ ಒಂದೂವರೆ ಫೂಟಿನ ಕಲ್ಲಿನ ಕಟ್ಟೆ. ಕಾಳು ಹಸನು ಮಾಡುವುದು, ಜಗಳ, ರಾಜಿ, ಹೆಣ್ಣು ಗಂಡಿನ ಮಾತು, ಎಲ್ಲ ಅದರ ಮೇಲೆಯೇ. ಮಹಬೂಬಸಾಬ ಮನೆಮನೆಗೂ ಬಂದು ಕೈಮುಗಿದ.

"ಚನ್ನಬಸವಣ್ಣಾ, ಎರಡೂ ಕಡೆ ಕಟ್ಟಿ ತಗದ್ರ ಹನ್ನೆರಡ ಫೂಟ ಆಕ್ಕೈತಿ. ಮಗಳ ನೌಕರಿ ಉಳೀತೈತಿ."

"ಆತು ತಗೋ. ಆಕಿ ಓದಿದ್ದ ನಮ್ಮ ಕಟ್ಟಿ ಮ್ಯಾಲ" ಎಂದೆ.

ಮೊದಲ ಹಾರೆ ಹಾಕಿದವನು ನಾನೇ. ಹದಿನಾಲ್ಕು ಮನೆಯವರು ಕಟ್ಟೆ ಒಡೆದು, ಆ ಜಾಗವನ್ನು ರಸ್ತೆಗೆ ಬಿಟ್ಟಿದ್ದೇವೆಂದು ಸಹಿ ಹಾಕಿದೆವು. ಒಬ್ಬನಾದರೂ ಕಚೇರಿಗೆ ಹೋಗಿ ಮುಂದೇನೆಂದು ಕೇಳಿದೆವೇ? ಇಲ್ಲ. ಒಬ್ಬರ ಮನೆಯ ಕೆಲಸವೆಂದರೆ ಹಿಂದೆಮುಂದೆ ನೋಡದೆ ನುಗ್ಗುವ ಚಟ ನಮ್ಮದು.

ಸಾಹೇಬರು ಟೇಪು ಹಿಡಿದು ಬಂದರು. ಓಣಿ ಸರಿಯಾಗಿ ಹನ್ನೆರಡು ಫೂಟಾಗಿತ್ತು. ಮಹಬೂಬಸಾಬ ಎಲ್ಲರಿಗೂ ಚಹಾ ಹೇಳಿಬಿಟ್ಟ. ಆಮೇಲೆ ಅವನ ಮನೆಯ ಜಾಗ ಅಳೆದರು.

"ರಸ್ತಾಕ್ಕ ಬಿಟ್ಟ ಮ್ಯಾಲೆ ನಿಮ್ಮ ಜಾಗಾನ ಕಡಿಮಿ ಆತಲ್ರಿ. ಇಷ್ಟ ಜಾಗಾದಾಗ ಮ್ಯಾಲ ಏರಸಾಕ ಬರೂದಿಲ್ಲ."

"ಮದ್ಲ ಯಾಕ ಹೇಳಲಿಲ್ರಿ?" ನಾನು ಚೀರಿದೆ.

"ನೀವು ಕೇಳಲಿಲ್ಲಲ್ರಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಬಸ್ಸು ಬಾರದ ಹೊಲದ ನಡುವಿನ ಆ ಲೇಔಟಿನಲ್ಲಿ ಮೂರಂತಸ್ತು ಏರಿಸಬಹುದಂತೆ. ಬಸ್ಸಿನ ಹಾರ್ನಿಗೆ ಎಚ್ಚರವಾಗುವ ನಮ್ಮಲ್ಲಿ ಎರಡು ಕೋಣೆಗೆ ಜಾಗವಿಲ್ಲವಂತೆ. ಇದ್ಯಾವ ಸೀಮೆಯ ಕಾನೂನೋ! ಆಮೇಲೂ ಮಹಬೂಬಸಾಬ ಎಂಟು ಸಲ ಕಚೇರಿಗೆ ಅಲೆದ. ನಾನೂ ಜತೆಗೆ ಹೋಗಿ ಬೈದು ಬಂದೆ, ಅಷ್ಟೇ ಬಂದ ಭಾಗ್ಯ.

ಹೋದ ತಿಂಗಳು ಜಾಸ್ಮಿನ ಕೆಲಸ ಬಿಟ್ಟಳು. ಅದನ್ನು ಹೇಳಲು ಒಂದು ಮಧ್ಯಾಹ್ನ ಬಂದವಳು, ಬಾಗಿಲ ಪಕ್ಕ ಕೂರಲು ಬಾಗಿ, ಕಟ್ಟೆ ಇಲ್ಲವೆಂದು ನೆನಪಾಗಿ ನೆಟ್ಟಗೆ ನಿಂತಳು. ಮಹಬೂಬಸಾಬ ಮೇಲಿನ ಕೋಣೆಗೆಂದು ಹೊಲಿದಿಟ್ಟಿದ್ದ ಹೊಸ ಗಾದಿಯನ್ನು ಒಳಗಿನಿಂದ ತಂದು, ಕಟ್ಟೆ ಒಡೆದ ಮಣ್ಣಿನ ಮೇಲೇ ಹಾಸಿದ.

"ಕುಂಡ್ರವಾ" ಎಂದ.

ಅವಳು ಕುಳಿತಳು. ನಿಲ್ದಾಣದಿಂದ ಕಂಡಕ್ಟರ "ಲಕ್ಷ್ಮೇಶ್ವರ, ಲಕ್ಷ್ಮೇಶ್ವರ" ಎಂದು ಕೂಗಿದ. ರೂಢಿಬಲದಿಂದ ಅವಳು ಕೈಗಡಿಯಾರ ನೋಡಿಕೊಂಡಳು.